ಡೋಲಿನವನ ಮೀಸೆ ಮತ್ತು ಗ್ರೀಕಮ್ಮನ ಆರನೆಯ ಹುಡುಗಿ

ಗ್ರೀಸ್ ದೇಶವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಲಂಡನ್ನಿನಲ್ಲಿ ನೋಡಿದ್ದು ವಿಮಾನ ನಿಲ್ದಾಣದ ಒಂದು ಕಾಫಿ ಅಂಗಡಿಯನ್ನು ಮಾತ್ರ. ಹೀಗಿರುವಾಗ, ಲಂಡನ್ನಿನ ಮ್ಯೂಸಿಯಂ ಒಂದರಿಂದ ಗ್ರೀಕರ ಶಿಲ್ಪಗಳನ್ನು ಬಿಡಿಸಿಕೊಂಡು ಬರುವ ಹೋರಾಟದಲ್ಲಿ ತಲೆಯ ಮೇಲೆ ಕಳಶ ಹೊತ್ತು, ಸ್ಯಾನ್ ಫ್ರಾನ್ಸಿಸ್ಕೋದ ಗಾಳಿಗೆ ಸೆರಗು ಹಿಡಿಯುವುದೋ ಕಳಶ ಹಿಡಿಯುವುದೋ ತಿಳಿಯದೆ ನಾನು ನಿಂತಿದ್ದೆನೆಂದರೆ, ಅದಕ್ಕೆ ಕಾರಣ ಒಂದು ನಿಂಬೆಗಿಡ. ಅದೇ ಬೇಸಿಗೆಯಲ್ಲಿ ನನ್ನ ಕಪಾಟಿನಲ್ಲಿದ್ದ ಗೇಣುದ್ದದ ಮಣ್ಣಿನ ಗೊಂಬೆಯೊಂದನ್ನು ಮೈಸೂರಿನ ನನ್ನಕ್ಕ ವಾಪಸ್ ಕೇಳುತ್ತಿದ್ದಳು, ನಾನು ಕೊಡುತ್ತಿರಲಿಲ್ಲ. ಈ ಎರಡು ಸಂಗತಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲು ಬಹಳ ದಿನ ಹಿಡಿಯಿತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದೆಲೆಯ ನೊಣದ ಮೇಲೇ ಕಣ್ಣು ಎನ್ನುವ ಗಾದೆಯನ್ನು ನನ್ನಂಥವರನ್ನು ನೋಡಿಯೇ ಮಾಡಿರಬೇಕು.

ನಮ್ಮ ಮನೆ ಸ್ಯಾನ್ ಫ್ರಾನ್ಸಿಸ್ಕೋದ ಹತ್ತಿರದ ನೆವಾರ್ಕಿನಲ್ಲಿ. ನಮ್ಮವರು ಕೆಲಸ ಮಾಡುವ ಎಲೆಕ್ಟ್ರಿಕ್ ಕಾರಿನ ಆಫೀಸಿಗೆ ನಡೆದು ಹೋದರೆ ಹದಿನೈದು ನಿಮಿಷ. ಅವರು ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು ಇಪ್ಪತ್ತು ನಿಮಿಷ ಕಾರಿನಲ್ಲಿ ಹೋಗುತ್ತಾರೆ. ನಾನು ಫ್ರೀಮಾಂಟಿನ ಹಲ್ಲಿನ ಡಾಕ್ಟರೊಬ್ಬರ ಆಫೀಸಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು, ಬಾಯಿ ತೆರೆಯಲು ಹೆದರುವವರಿಗೆ ಧೈರ್ಯ ಹೇಳುವವಳು. ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಗ್ರೀಕ್ ಹೆಂಗಸೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಜ್ಯಾಮಿಟ್ರಿ ಕಲಿಸಿ ನಿವೃತ್ತರಾದವರು, ಯಾರಿಗೂ ಹೆದರುವವರಲ್ಲ. ನಾವು ಅವರಿಗೆ ಇಟ್ಟ ಹೆಸರು ಗ್ರೀಕಮ್ಮ. ಅದು ಅವರಿಗೂ ಗೊತ್ತು. ತಮ್ಮ ಬಾಯಲ್ಲೂ ಅದನ್ನು ಹೇಳಿಕೊಂಡು ಖುಷಿಪಡುತ್ತಾರೆ.

ಅವರ ನಿಂಬೆಗಿಡ ನಮ್ಮ ಬೇಲಿಯ ಮೇಲೆ ಒರಗಿದೆ. ನಾವು ಈ ಮನೆಗೆ ಬಂದ ವಾರವೇ ಒಂದು ಬೇಸಿನ್ನಿನ ತುಂಬ ನಿಂಬೆಹಣ್ಣು ತಂದುಕೊಟ್ಟರು. ಖಾಲಿ ಪಾತ್ರೆ ವಾಪಸ್ ಕೊಡಬಾರದೆಂದು ನನ್ನಮ್ಮ ಕಲಿಸಿದ್ದಾಳೆ, ಅದಕ್ಕೆ ಆ ನಿಂಬೆಯದೇ ಚಿತ್ರಾನ್ನ ತುಂಬಿ ಕೊಟ್ಟೆ. ಅವರ ಅಮ್ಮನೂ ಅದನ್ನೇ ಕಲಿಸಿದ್ದರಂತೆ. ಜೇನುತುಪ್ಪದ ಸಿಹಿ ಬಂತು, ಇಲ್ಲಿಂದ ಕೋಡುಬಳೆ ಹೋಯಿತು, ಅಲ್ಲಿಂದ ಉಪ್ಪು ಹಾಕಿದ ಆಲಿವ್ ಬಂತು. ಇಬ್ಬರೂ ಸೋಲುವವರಲ್ಲ, ಹಾಗಾಗಿ ಆ ಬೇಸಿನ್ನು ಮೂರು ವರ್ಷ ಎರಡು ಮನೆಯ ನಡುವೆ ಓಡಾಡುತ್ತಲೇ ಇತ್ತು.

ಒಂದು ದಿನ ಬೇಸಿನ್ನಿನ ಬದಲು ಒಂದು ರಟ್ಟು, ಅದಕ್ಕೆ ಕ್ಲಿಪ್ಪು ಹಾಕಿದ ಕಾಗದಗಳು, ದಾರದಲ್ಲಿ ಕಟ್ಟಿದ ಪೆನ್ನು ಬಂದವು.

ಸೋಫಾದ ಮೇಲೆ ಕೂತು ಗ್ರೀಕಮ್ಮ ಕಥೆ ಹೇಳಿದರು. ಅಥೆನ್ಸಿನ ಗುಡ್ಡದ ಮೇಲೆ ಒಂದು ಗುಡಿ. ಅದರ ಒಂದು ಜಗಲಿಯಲ್ಲಿ ಕಂಬಗಳ ಬದಲಿಗೆ ಆರು ಜನ ಕಲ್ಲಿನ ಹುಡುಗಿಯರು ಚಾವಣಿಯನ್ನು ಹೊತ್ತು ನಿಂತಿದ್ದರು. ಇನ್ನೂರು ವರ್ಷದ ಹಿಂದೆ ಬ್ರಿಟಿಷ್ ಸಾಹೇಬನೊಬ್ಬ ಅವರಲ್ಲೊಬ್ಬಳನ್ನು ಕಿತ್ತು, ಪಕ್ಕದ ದೊಡ್ಡ ದೇವಸ್ಥಾನದ ಶಿಲ್ಪಗಳಲ್ಲೂ ಅರ್ಧದಷ್ಟನ್ನು ಕೀಳಿಸಿ, ಹಡಗಿಗೆ ಹಾಕಿಸಿಕೊಂಡು ಹೋದ. ಅವು ಈಗಲೂ ಲಂಡನ್ನಿನಲ್ಲಿವೆ. ಉಳಿದ ಐವರು ಹುಡುಗಿಯರನ್ನು ಅಥೆನ್ಸಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ್ದಾರೆ. ಆರನೆಯವಳ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಐವರೂ ತಂಗಿಗಾಗಿ ಅಳುವುದು ಕೇಳಿಸುತ್ತಿತ್ತು ಎಂದು ಹಿಂದೆ ಊರಿನವರು ಹೇಳುತ್ತಿದ್ದರಂತೆ.

"ಕೇಳಿದರೆ ಲಂಡನ್ನಿನವರು ಏನಂತಾರೆ?" ಎಂದೆ.

ಗ್ರೀಕಮ್ಮ ಬೆರಳು ಮಡಚಿದರು. ಅವತ್ತು ಆಳುತ್ತಿದ್ದವರ ಅಪ್ಪಣೆ ಪಡೆದೇ ತಂದದ್ದು ಅಂತಾರೆ. ನಮ್ಮ ಹತ್ತಿರ ಭದ್ರವಾಗಿದೆ ಅಂತಾರೆ. ಇಲ್ಲಾದರೆ ಜಗತ್ತೇ ಬಂದು ನೋಡುತ್ತದೆ ಅಂತಾರೆ. ಬಹಳ ಒತ್ತಾಯ ಮಾಡಿದರೆ, ಎರವಲು ಬೇಕಾದರೆ ಕೊಡೋಣ ಅಂತಾರೆ. "ನನ್ನ ಮಗಳನ್ನು ನನಗೇ ಎರವಲು," ಎಂದು ನಾಲ್ಕನೆಯ ಬೆರಳನ್ನು ಮುರಿಯುವ ಹಾಗೆ ಮಡಚಿದರು.

ನನಗೆ ಮೈ ಉರಿಯಿತು. ಎಷ್ಟು ಸೊಕ್ಕಿರಬೇಕು ಇವರಿಗೆ ಎಂದು, ಶಿಲ್ಪಗಳನ್ನು ವಾಪಸ್ ಕೊಡಿ ಎನ್ನುವ ಆ ಮನವಿಗೆ ಸಹಿ ಹಾಕಿದೆ. ನಮ್ಮವರ ಕೈಯಲ್ಲಿ ಹಾಕಿಸಿದೆ. ರಟ್ಟನ್ನು ಆಫೀಸಿಗೂ ಒಯ್ದೆ. ಅರ್ಧ ಬಾಯಿ ಮರಗಟ್ಟಿದವರು ವಾದ ಮಾಡುವುದಿಲ್ಲ, ಹೀಗಾಗಿ ಒಂದೇ ವಾರದಲ್ಲಿ ಮೂರು ಹಾಳೆ ತುಂಬಿತು. ನಾಲ್ಕನೆಯ ಹಾಳೆ ಮುಗಿಯುವ ಮೊದಲು ಡಾಕ್ಟರು ನನ್ನನ್ನು ಒಳಗೆ ಕರೆದು, ಅದನ್ನು ಮನೆಯಲ್ಲೇ ಇಟ್ಟು ಬರಲು ಹೇಳಿದರು. ಹೇಳುವ ಮೊದಲು ಅವರೂ ಸಹಿ ಹಾಕಿದ್ದರು.

ಈಗ ನನ್ನ ಎಲೆಯ ಹೆಗ್ಗಣದ ವಿಷಯ.

ನನ್ನಮ್ಮ ದಸರೆಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುತ್ತಿದ್ದಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಅಂದರೆ ಮರದ ರಾಜ ರಾಣಿ. ನಾಲ್ಕನೆಯದರಲ್ಲಿ ಮಣ್ಣಿನ ಓಲಗದವರು. ನಾದಸ್ವರಕ್ಕೆ ಇಬ್ಬರು, ಶ್ರುತಿಗೆ ಒಬ್ಬ, ತಾಳಕ್ಕೆ ಒಬ್ಬ, ಡೋಲಿಗೆ ಒಬ್ಬ. ಡೋಲಿನವನಿಗೆ ಕೆಂಪು ರುಮಾಲು, ಹೊಟ್ಟೆ, ಕಿವಿವರೆಗೂ ಎಳೆದ ಕಪ್ಪು ಮೀಸೆ. ನಾನು ಐದು ವರ್ಷದವಳಿದ್ದಾಗ ಅವನ ವಿಷಯಕ್ಕೆ ಅಮ್ಮನ ಕೈಯಲ್ಲಿ ಏಟು ತಿಂದಿದ್ದೇನೆ. ಏನು ಮಾಡಿದ್ದೆನೋ ನೆನಪಿಲ್ಲ. ಏಟು ಚೆನ್ನಾಗಿ ನೆನಪಿದೆ. ಇಷ್ಟು ಏಟು ತಿಂದ ಮೇಲೆ ಇವನು ನನ್ನವನೇ ಎಂದು ಅವತ್ತೇ ತೀರ್ಮಾನಿಸಿದ್ದೆ.

ಅಮ್ಮ ತೀರಿಕೊಂಡ ವರ್ಷ, ಹದಿಮೂರನೆಯ ದಿನ ಮುಗಿಸಿ ಹೊರಡುವಾಗ ಅಕ್ಕನನ್ನು ಕೇಳಿದೆ, "ಅಕ್ಕಾ, ಡೋಲಿನವನನ್ನ ತಗೊಂಡು ಹೋಗ್ಲಾ?" ಅಕ್ಕ ಅಮ್ಮನ ಸೀರೆಗಳನ್ನು ಮಡಚುತ್ತ ಅಳುತ್ತಿದ್ದಳು. ತಲೆ ಎತ್ತದೆ "ಹೂಂ, ತಗೊಂಡು ಹೋಗು" ಎಂದಳು. ನಾನು ಅವನನ್ನು ಕಾಲುಚೀಲದೊಳಗೆ ತೂರಿಸಿ ಕೈಚೀಲದಲ್ಲಿಟ್ಟು ಹಾರಿಬಂದೆ. ಅಂದಿನಿಂದ ಅವನು ನೆವಾರ್ಕಿನ ನನ್ನ ಐದು ಮೆಟ್ಟಿಲಲ್ಲಿ, ಲಾಸ್ ವೇಗಸ್ಸಿನಿಂದ ತಂದ ಗಾಜಿನ ಗೋಳಕ್ಕೂ ಒಂದು ಚನ್ನಪಟ್ಟಣದ ರೈಲಿಗೂ ನಡುವೆ, ಒಬ್ಬನೇ ಡೋಲು ಬಾರಿಸುತ್ತಿದ್ದ.

ರಟ್ಟು ಹಿಡಿದು ಓಡಾಡುತ್ತಿದ್ದ ಆ ಬೇಸಿಗೆಯಲ್ಲೇ ಅಕ್ಕ ಫೋನು ಮಾಡಿದಳು.

"ಈ ಸಲ ಒಂಬತ್ತೂ ಮೆಟ್ಲು ಕಟ್ಟಿಬಿಡ್ತೀನಿ ಕಣೆ. ಮುಂದಿನ ವರ್ಷದಿಂದ ಪಟ್ಟದ ಗೊಂಬೆ ಮಾತ್ರ. ಮಂಡಿ ಕೈಕೊಟ್ಟಿದೆ. ಆ ಡೋಲಿನವನನ್ನ ಕಳಿಸೇ. ಕೊನೇ ಸಲ ಓಲಗ ಪೂರ್ತಿ ಇರಲಿ."

"ಅಯ್ಯೋ ಅಕ್ಕ, ನೀನೇ ಕೊಟ್ಟಿದ್ದಲ್ವಾ ಅವತ್ತು?"

"ಕೊಟ್ಟೆ. ಏನು ಕೊಟ್ಟೆ ಅಂತ ಅವತ್ತು ನನಗೆ ಗೊತ್ತಿತ್ತೇನೆ?"

"ನಿಮ್ಮ ಅಟ್ಟದಲ್ಲಿ ತೇವ, ಗೆದ್ದಲು. ಇಲ್ಲಿ ಗಾಜಿನ ಕಪಾಟಲ್ಲಿ ಎಷ್ಟು ಭದ್ರವಾಗಿದ್ದಾನೆ. ಹಬ್ಬಕ್ಕೆ ಕ್ಯಾಂಪ್‌ಬೆಲ್ಲಿಂದ, ಡ್ಯಾನ್‌ವಿಲ್ಲಿಂದ ಎಲ್ಲಾ ಜನ ಬಂದು ನೋಡ್ತಾರೆ. ಅಲ್ಲಿ ಯಾರು ನೋಡ್ತಾರೆ ಹೇಳು?"

"ನಾನು ನೋಡ್ತೀನಿ."

"ಸರಿ, ಹಬ್ಬದ ಮಟ್ಟಿಗೆ ಬೇಕಾದ್ರೆ ಕಳಿಸ್ತೀನಿ. ಆಮೇಲೆ ವಾಪಸ್ ಕೊಟ್ಟುಬಿಡಬೇಕು" ಎಂದೆ.

"ಅಮ್ಮನ ಗೊಂಬೇನ ನನಗೆ ಎರವಲು ಕೊಡ್ತೀಯೇನೆ?" ಎಂದು ಅಕ್ಕ ಫೋನಿಟ್ಟಳು.

ಎದುರಿಗೆ ಕಾಲೇಜಿನ ರಜೆಗೆ ಬಂದಿದ್ದ ಮಗಳು ಸೀರಿಯಲ್ಲು ತಿನ್ನುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುವುದಿಲ್ಲ ಎಂದು ನಾನು ಎಷ್ಟೋ ಗುಟ್ಟು ಮಾತಾಡಿ ಕೆಟ್ಟಿದ್ದೇನೆ. ಚಮಚವನ್ನು ಬಟ್ಟಲಲ್ಲಿಟ್ಟು, ರಟ್ಟನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಹೇಳಿದಳು: "ಅಮ್ಮಾ, ಯು ಆರ್ ದ ಮ್ಯೂಸಿಯಂ."

ನಮ್ಮವರು ಪೇಪರಿನ ಹಿಂದೆ ನಗುತ್ತಿದ್ದರು. ಪೇಪರು ಅಲ್ಲಾಡುವುದು ಕಾಣುತ್ತಿತ್ತು. ನಾನು ಇಬ್ಬರಿಗೂ ಬೈದು, ತಟ್ಟೆ ಕುಕ್ಕಿ, ಹಿತ್ತಲಿಗೆ ಹೋಗಿ ನಿಂತೆ.

ಅವರಿಬ್ಬರಿಗೂ ಗೊತ್ತಿಲ್ಲದ ಒಂದು ವಿಷಯವಿತ್ತು. ಎರಡು ವರ್ಷದ ಹಿಂದೆ ಹಬ್ಬದ ಮುನ್ನಾದಿನ, ಗೊಂಬೆಗೆ ಧೂಳು ಹಿಡಿದಿದೆ ಎಂದು ಅಡುಗೆಮನೆ ಒರೆಸುವ ಒಂದು ಒದ್ದೆ ವೈಪ್ಸು ತೆಗೆದು ಡೋಲಿನವನ ಮುಖಕ್ಕೆ ಎಳೆದಿದ್ದೆ. ರುಮಾಲಿನ ಕೆಂಪು ಹೋಗಲಿಲ್ಲ. ಅಂಗಿಯ ಹಳದಿ ಹೋಗಲಿಲ್ಲ. ಮೀಸೆ ಮಾತ್ರ ಒಂದೇ ಒರೆಸಿಗೆ ಪೂರ್ತಿ ಬಂದುಬಿಟ್ಟಿತು. ಮಗಳ ಐಲೈನರಿನಲ್ಲಿ ತಿದ್ದಿದೆ. ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಬಂತು. ಅದನ್ನೂ ಒರೆಸಿದೆ. ಆಮೇಲೆ ಅಕ್ಕನಿಗೆ ಕಳಿಸುವ ಫೋಟೋಗಳಲ್ಲೆಲ್ಲ ಅವನ ಕೊರಳಿಗೆ ಮೂಗಿನವರೆಗೂ ಹೂವಿನ ಹಾರ ಹಾಕುತ್ತಿದ್ದೆ. ಭದ್ರವಾಗಿದ್ದಾನೆ ಎಂದು ಅಷ್ಟು ಜೋರಾಗಿ ಹೇಳಿದ್ದು ಅದಕ್ಕೇ.

ಮರುದಿನ ಗ್ರೀಕಮ್ಮ ಬೇಲಿಯ ಆಚೆಯಿಂದ ಹೊಸ ಸುದ್ದಿ ಹೇಳಿದರು. ಲಂಡನ್ನಿನವರು ಹಿಂದೊಮ್ಮೆ, ಶಿಲ್ಪಗಳು ಬೆಳ್ಳಗಿರಬೇಕೆಂದು ತಾಮ್ರದ ಹತಾರಗಳಿಂದ ಉಜ್ಜಿಸಿ ಮೇಲಿನ ಪದರವನ್ನೇ ಕೆರೆಸಿಬಿಟ್ಟಿದ್ದರಂತೆ. "ಆಮೇಲೆ ಅದನ್ನು ಬಚ್ಚಿಟ್ಟರು. ನಾಚಿಕೆಯಿಲ್ಲದವರು" ಎಂದರು.

"ನಾಚಿಕೆಯಿಲ್ಲದವರು" ಎಂದೆ ನಾನೂ. ಧ್ವನಿ ಸ್ವಲ್ಪ ಸಣ್ಣದಾಗಿತ್ತು.

ಜೂನಿನಲ್ಲಿ ಗ್ರೀಕಮ್ಮನ ಗುಂಪಿನವರು ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರದ ದಂಡೆಯಲ್ಲಿ ಸಭೆ ಇಟ್ಟುಕೊಂಡರು. ಐವರು ಹೆಂಗಸರು ಕಲ್ಲಿನ ಹುಡುಗಿಯರ ಹಾಗೆ ಸಾಲಾಗಿ ನಿಲ್ಲುವುದು, ಆರನೆಯವಳ ಜಾಗ ಖಾಲಿ ಬಿಡುವುದು, ಆ ಖಾಲಿ ಜಾಗದ ಮುಂದೆ 'ಇವಳೆಲ್ಲಿ?' ಎಂದು ದೊಡ್ಡ ಇಂಗ್ಲಿಷ್ ಬೋರ್ಡು ಇಡುವುದು. ಆದರೆ ಗ್ರೀಕ್ ಹೆಂಗಸರೆಲ್ಲ ಎಪ್ಪತ್ತು ದಾಟಿದವರು, ಅರ್ಧ ಗಂಟೆ ನಿಲ್ಲುವ ಮಂಡಿ ಒಬ್ಬರಿಗೂ ಇರಲಿಲ್ಲ. ಗ್ರೀಕಮ್ಮ ನನ್ನ ಸೀರೆಯ ನೆರಿಗೆ ಹಿಡಿದು ನೋಡಿದರು. "ಆ ಹುಡುಗಿಯರ ನೆರಿಗೆಯೂ ಥೇಟ್ ಹೀಗೇ. ನಿನ್ನ ಗೆಳತಿಯರನ್ನು ಕರಿ."

ನಮ್ಮ ಭಜನೆ ಗುಂಪಿನಿಂದ ನಾಲ್ವರು ಒಪ್ಪಿದರು. ಗ್ರೀಕಮ್ಮ ಬಿಳಿ ಸೀರೆ ಎಂದರು. ಮುತ್ತೈದೆಯರು ಬಿಳಿ ಉಡುವುದಿಲ್ಲ ಎಂದು ಇವರು. ಕಡೆಗೆ ಕೆನೆಬಣ್ಣ, ಜರಿ ಅಂಚು ಎಂದು ಒಪ್ಪಂದವಾಯಿತು. ಕಲ್ಲಿನ ಹುಡುಗಿಯರ ತಲೆಯ ಮೇಲೆ ಬುಟ್ಟಿಯಂಥದೇನೋ ಇದೆಯಂತೆ. ನಮ್ಮಲ್ಲಿ ಅದಕ್ಕೆ ಕಳಶ ಇದ್ದೇ ಇತ್ತು, ತೆಂಗಿನಕಾಯಿ ಸಮೇತ.

ಗುಂಪಿನ ಹಿರಿಯರಾದ ಡ್ಯಾನ್‌ವಿಲ್ ಆಂಟಿಯೂ ಹೊರಟರು. ಮೂಲ ಮಂಡ್ಯದ ಕಡೆಯವರು, ಮಗನ ಮನೆಯಲ್ಲಿದ್ದಾರೆ. ಯಾವ ಸಮಾರಂಭವಾದರೂ ಬಡಿಸುವ ಯಜಮಾನಿಕೆ ಅವರದೇ. ಅವರಿಗೆ ನಮ್ಮ ಚೀಲಗಳನ್ನೂ ಪುಳಿಯೋಗರೆಯ ಕ್ಯಾರಿಯರನ್ನೂ ನೋಡಿಕೊಳ್ಳುವ ಕೆಲಸ ಕೊಟ್ಟೆ. ಟ್ರೇನಿನಲ್ಲಿ ಐದು ಕಳಶ ಮಡಿಲಲ್ಲಿಟ್ಟುಕೊಂಡು ಕೂತ ನಮ್ಮನ್ನು ನೋಡಿ ಎದುರಿನವನೊಬ್ಬ ಮದುವೆಗಾ ಎಂದು ಕೇಳಿದ. ಇಲ್ಲ, ಒಬ್ಬಳನ್ನು ತವರಿಗೆ ಕರೆತರಲು ಎಂದೆ.

ದಂಡೆಯಲ್ಲಿ ಜೂನ್ ತಿಂಗಳ ಮಂಜು, ಹಲ್ಲು ಕಟಕಟಿಸುವ ಚಳಿ. ನಾವು ಸಾಲಾಗಿ ನಿಂತೆವು. ನಾನು ಎಡತುದಿಗೆ, ನನ್ನ ಪಕ್ಕ ಖಾಲಿ ಜಾಗ, ಅದರಾಚೆ ಉಳಿದ ನಾಲ್ವರು. ಕತ್ತು ಅಲ್ಲಾಡಿಸುವ ಹಾಗಿಲ್ಲ. ಗ್ರೀಕಮ್ಮ ನಮಗೆ ಬೆನ್ನು ಹಾಕಿ, ಮೈಕು ಹಿಡಿದು, ಜ್ಯಾಮಿಟ್ರಿ ಟೀಚರಿನ ಗಂಟಲಲ್ಲಿ ಭಾಷಣ ಶುರು ಮಾಡಿದರು. ಜನ ಸೇರಿದರು. ಐದು ನಿಮಿಷವಾಗಿರಬೇಕು, ಜನ ಯಾಕೋ ನಗುತ್ತಿದ್ದಾರೆ ಎನ್ನಿಸಿತು. ನನ್ನ ಬಲಗಿವಿಯ ಹತ್ತಿರ ಪುಳಿಯೋಗರೆಯ ವಾಸನೆ ಬಂತು.

ಅದೇ ಹೊತ್ತಿಗೆ ಗ್ರೀಕಮ್ಮ, "ಇನ್ನೂರು ವರ್ಷಗಳಿಂದ ಆ ಜಾಗ ಖಾಲಿಯಾಗಿದೆ" ಎಂದು ಹಿಂದೆ ತಿರುಗಿ ಕೈ ತೋರಿಸಿದರು.

ಜಾಗದಲ್ಲಿ ಡ್ಯಾನ್‌ವಿಲ್ ಆಂಟಿ ನಿಂತಿದ್ದರು. ಕಳಶ ಸಿಗದೆ ನಾಲ್ಕಂತಸ್ತಿನ ಸ್ಟೀಲ್ ಕ್ಯಾರಿಯರನ್ನೇ ತಲೆಯ ಮೇಲೆ ಹೊತ್ತಿದ್ದರು. ಊದಾ ಸೀರೆ, ಕಾಲಿಗೆ ಮಗನ ಓಟದ ಶೂ, ಮುಂದೆ 'ಇವಳೆಲ್ಲಿ?' ಎನ್ನುವ ಬೋರ್ಡು. ಗುಂಪಿನಲ್ಲಿದ್ದ ಪ್ರವಾಸಿ ಹೆಂಗಸೊಬ್ಬಳು, "ಅಲ್ಲೇ ಇದ್ದಾಳಲ್ಲ" ಎಂದಳು.

"ಆಂಟಿ, ಇಲ್ಲಿ ಯಾಕೆ ಬಂದ್ರಿ?" ಎಂದೆ ತುಟಿ ಅಲ್ಲಾಡಿಸದೆ.

"ಮದ್ಯ ಜಾಗ ಖಾಲಿ ಬುಟ್ಟಿದ್ದೀರಲ್ಲವ್ವ. ಯಾರೋ ಬಂದಿಲ್ಲ ಅನ್ಕೊಂಡೆ. ಪಂಕ್ತಿನಾಗೆ ಎಲೆ ಖಾಲಿ ಬುಡ್ತಾರಾ? ನಾನೇ ನಿಂತ್ಕೊಂಡೆ."

ಮೊದಲು ನಕ್ಕವರು ಸಾಲಿನಲ್ಲಿದ್ದ ಕ್ಯಾಂಪ್‌ಬೆಲ್ಲಿನ ಗೆಳತಿ. ಅವರ ತೆಂಗಿನಕಾಯಿ ಉರುಳಿತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟೆ. ಗ್ರೀಕಮ್ಮ ಅರೆಗಳಿಗೆ ಕಲ್ಲಾಗಿ ನಿಂತಿದ್ದರು. ವರ್ಷಗಟ್ಟಲೆ ಈ ಕೆಲಸಕ್ಕೆ ಓಡಾಡಿದವರ ಸಭೆಯನ್ನು ಕೆಡಿಸಿದೆವಲ್ಲ ಎಂದು ನನಗೆ ನಗುವಿನ ನಡುವೆಯೇ ಹೆದರಿಕೆಯಾಯಿತು. ಅವರು ಮೈಕು ಕೆಳಗಿಟ್ಟು ಬಂದು, ಆಂಟಿಯ ಎರಡೂ ಕೈ ಹಿಡಿದು, ಅಲ್ಲೇ ಕಟ್ಟೆಯ ಮೇಲೆ ಕೂತು ನಗತೊಡಗಿದರು. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

"ಇರಲಿ ಬಿಡು," ಎಂದರು ನನಗೆ. "ಅವಳು ಬಂದು ನಿಂತರೆ ಹೇಗಿರುತ್ತೆ ಅಂತ ನೋಡೇ ಇರಲಿಲ್ಲ. ಇವತ್ತು ನೋಡಿದ ಹಾಗಾಯಿತು."

ಆರನೆಯ ಹುಡುಗಿ ಕ್ಯಾರಿಯರು ಬಿಚ್ಚಿ ಎಲ್ಲರಿಗೂ ಪುಳಿಯೋಗರೆ ಬಡಿಸಿದಳು.

ವಾಪಸ್ ಬರುವಾಗ ಟ್ರೇನಿನಲ್ಲಿ ಆಂಟಿಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರು ಗಂಭೀರವಾಗಿ ಕೇಳಿ, ತಲೆದೂಗಿದರು. "ಇನ್ನೂರು ವರ್ಸದಿಂದ ಒಂದೆಲೆ ಹಾಕ್ಬುಟ್ಟು ಕಾಯ್ತಾ ಕುಂತವ್ರೆ ಅನ್ನು. ಪಾಪ. ಬರಾದಿಲ್ಲ ಅಂದ್ರೆ ಯಾರಾದ್ರೂ ಎಲೆ ಹಾಕ್ತಾರಾ? ಬತ್ತಾಳೆ ಅಂತ್ಲೇ ಅಲ್ವಾ ಹಾಕಾದು."

ನಾನು ಫೋನು ತೆಗೆದು ಅಕ್ಕ ಕಳಿಸಿದ್ದ ಹಳೆಯ ದಸರೆಯ ಫೋಟೋಗಳನ್ನು ಹುಡುಕಿದೆ. ಎಲ್ಲ ವರ್ಷದ್ದರಲ್ಲೂ ನಾಲ್ಕನೆಯ ಮೆಟ್ಟಿಲಲ್ಲಿ ನಾದಸ್ವರದವರಿಗೂ ತಾಳದವನಿಗೂ ನಡುವೆ ಒಂದು ಅಂಗೈಯಗಲ ಜಾಗ ಬಿಟ್ಟಿತ್ತು. ಅಕ್ಕನಿಗೆ ಜೋಡಿಸಲು ಬರುವುದಿಲ್ಲ, ಮೊದಲಿಂದಲೂ ಅಚ್ಚುಕಟ್ಟಿಲ್ಲ ಎಂದು ನಾನು ಪ್ರತಿವರ್ಷ ಅಂದುಕೊಳ್ಳುತ್ತಿದ್ದೆ. ಅದು ಎಲೆ. ಅವಳು ಎಲೆ ಹಾಕಿ ಕಾಯುತ್ತಿದ್ದಳು, ನಾನು ಅವಳಿಗೆ ಎರವಲಿನ ಮಾತಾಡಿದ್ದೆ. ಟ್ರೇನಿನಲ್ಲೇ ನನಗೆ ಅಳು ಬಂತು. ನಕ್ಕಿದ್ದರ ನೀರೇ ಇರಬೇಕೆಂದು ಯಾರೂ ಗಮನಿಸಲಿಲ್ಲ.

"ಆಂಟಿ, ನೀವು ಊರಿಗೆ ಯಾವಾಗ ಹೊರಡೋದು?" ಎಂದು ಕೇಳಿದೆ.

ಸೆಪ್ಟೆಂಬರಿನಲ್ಲಿ ಆಂಟಿಯ ಜೊತೆ ಡೋಲಿನವನೂ ಹೊರಟ. ಒಂದು ಸ್ಟೀಲ್ ಡಬ್ಬದಲ್ಲಿ ಹತ್ತಿ, ಹತ್ತಿಯ ನಡುವೆ ಅವನು, ಮೀಸೆಯಿಲ್ಲದೆ, ಹಾರವಿಲ್ಲದೆ. ಒಂದು ಚೀಟಿ ಬರೆದಿಡೋಣ ಎಂದು ನಾಲ್ಕು ಸಲ ಕೂತು, ನಾಲ್ಕು ಸಲವೂ ಹರಿದುಹಾಕಿದೆ. ಡಬ್ಬ ತಲುಪಿದೆ ಎಂದು ಆಂಟಿ ತಿಳಿಸಿದರು. ಅಕ್ಕನಿಂದ ಮಾತ್ರ ಒಂದಕ್ಷರವೂ ಬರಲಿಲ್ಲ.

ನವರಾತ್ರಿಯ ಎರಡನೆಯ ಸಂಜೆ ಗ್ರೀಕಮ್ಮ ಬೇಸಿನ್ನಿನ ತುಂಬ ನಿಂಬೆಹಣ್ಣು ಹಿಡಿದು ಗೊಂಬೆ ನೋಡಲು ಬಂದರು. ಕುಂಕುಮ ಇಡಿಸಿಕೊಂಡು, ಗಾಜಿನ ಗೋಳಕ್ಕೂ ರೈಲಿಗೂ ನಡುವಿನ ಖಾಲಿ ಜಾಗಕ್ಕೆ ಬೆರಳು ತೋರಿಸಿದರು. "ಇಲ್ಲಿದ್ದ ಡೋಲಿನವನೆಲ್ಲಿ?"

"ಮನೆಗೆ ಹೋದ. ಅವನು ನನ್ನಕ್ಕನವನು. ಕೊಟ್ಟುಬಿಟ್ಟೆ."

"ಎರವಲಾ?"

"ಅಲ್ಲ. ಪೂರ್ತಿ."

ಗ್ರೀಕಮ್ಮ ನನ್ನನ್ನೇ ನೋಡಿದರು. ಆಮೇಲೆ ಬೇಸಿನ್ನನ್ನು ನಮ್ಮವರ ಕೈಗೆ ಕೊಟ್ಟು, ಎರಡೂ ಕೈ ಮೇಲೆತ್ತಿ, ಎಂಬತ್ತರ ಹತ್ತಿರದ ಆ ಹೆಂಗಸು ನಮ್ಮ ಹಾಲಿನಲ್ಲಿ ಒಂದು ಸುತ್ತು ಕುಣಿದರು. "ನಮ್ಮ ಬೀದಿಯಿಂದ ಊರಿಗೆ ವಾಪಸ್ ಹೋದ ಮೊದಲನೇ ವಿಗ್ರಹ," ಎಂದರು. ಹಬ್ಬಕ್ಕೆ ಬಂದಿದ್ದ ಮಗಳ ಕೈ ಹಿಡಿದು ಅವಳಿಗೂ ಒಂದು ಸುತ್ತು ಹಾಕಿಸಿದರು.

ಆಗಲೇ ಫೋನು ಬಡಿದುಕೊಂಡಿತು. ವಿಡಿಯೋದಲ್ಲಿ ಅಕ್ಕ; ಮೈಸೂರಿನಲ್ಲಿ ಬೆಳಗಾಗಿತ್ತು. ಫೋನನ್ನು ನಾಲ್ಕನೆಯ ಮೆಟ್ಟಿಲಿಗೆ ಹಿಡಿದಳು. ಅಂಗೈಯಗಲದ ಆ ಜಾಗದಲ್ಲಿ ಡೋಲಿನವನು ನಿಂತಿದ್ದ. ಓಲಗ ಪೂರ್ತಿಯಾಗಿತ್ತು.

"ಎಲ್ಲಾ ಸರಿ. ಇವನ ಮೀಸೆ ಎಲ್ಲೇ?" ಎಂದಳು.

"ತಪ್ಪಾಯ್ತು ಅಕ್ಕ. ವೈಪ್ಸಲ್ಲಿ ಒರೆಸಿಬಿಟ್ಟೆ. ಎರಡು ವರ್ಷ ಆಯ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ಅಮ್ಮನ ಗೊಂಬೆ ಹಾಳು ಮಾಡಿಬಿಟ್ಟೆ."

ಫೋನು ಅಲ್ಲಾಡತೊಡಗಿತು. ಅಕ್ಕ ನಗುತ್ತಿದ್ದಳು, ಒಂದು ಸಲ ಪಟ್ಟದ ಗೊಂಬೆ ಕಾಣುತ್ತಿತ್ತು, ಒಂದು ಸಲ ಫ್ಯಾನು.

"ಅವನಿಗೆ ಮೀಸೆ ಎಲ್ಲಿತ್ತೇ? ಅದು ನಾನು ಕಾಡಿಗೇಲಿ ಬರೆದಿದ್ದು. ಒಂಬತ್ತು ವರ್ಷ ನನಗಾಗ. ಅಮ್ಮ ನೋಡಿ ಕೇಳಿದಾಗ ನಿನ್ನ ಕಡೆ ಕೈ ತೋರಿಸಿದೆ. ಏಟು ನೀನು ತಿಂದೆ. ಹೇಳ್ಬೇಕು ಹೇಳ್ಬೇಕು ಅಂತ ಇಷ್ಟು ವರ್ಷ. ಡಬ್ಬ ಬಂದಾಗಿಂದ ಹೇಗೆ ಹೇಳೋದು ಅಂತ ಕೂತಿದ್ದೀನಿ ಕಣೆ."

ನನಗೆ ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಅಕ್ಕ ಫೋನನ್ನು ಯಾವುದೋ ಗೊಂಬೆಗೆ ಒರಗಿಸಿ, ಕಾಡಿಗೆಯ ಡಬ್ಬಿ ತೆರೆದು, ಕಿರುಬೆರಳು ಅದ್ದಿದಳು.

ಗ್ರೀಕಮ್ಮ ನನ್ನ ಭುಜ ಹಿಡಿದು, "ಏನು ಮಾಡುತ್ತಿದ್ದಾಳೆ ಅವಳು? ಹಳೆಯ ಗೊಂಬೆ ಅದು. ಬೇಡ ಅನ್ನು" ಎಂದರು.

"ನಾನು ಯಾರು ಹೇಳೋದಕ್ಕೆ?" ಎಂದೆ. "ಅವಳ ಮನೆ, ಅವಳ ಡೋಲಿನವನು. ಮೀಸೆ ಬರೀಲಿ, ಬೇಕಾದರೆ ಗಡ್ಡಾನೂ ಬರೀಲಿ."

ಗ್ರೀಕಮ್ಮ ಕನ್ನಡಕ ಸರಿಮಾಡಿಕೊಂಡು ನನ್ನ ಪಕ್ಕ ಕೂತು, "ಮುಂದಿನ ಸಲ ಬೋರ್ಡಿನ ಮೇಲೆ ಇದನ್ನೇ ಬರೆಯೋಣ" ಎಂದರು. ಆ ಕಡೆ ಅರವತ್ತು ವರ್ಷದ ನನ್ನಕ್ಕ ಎಡಗಡೆಯ ಮೀಸೆ ಮುಗಿಸಿ, ನಾಲಿಗೆಯ ತುದಿ ಕಚ್ಚಿಕೊಂಡು, ಬಲಗಡೆಯದಕ್ಕೆ ಕೈ ಹಾಕಿದ್ದಳು.